ಗಾರ್ಡನ್ ರೀಚ್‌ನಿಂದ ಸುಸುನಿಯಾದ ನೆತ್ತಿಗೆ

ಗಾರ್ಡನ್ ರೀಚ್‌ನಲ್ಲಿ ಒಂದು ಕಾಲಕ್ಕೆ ಒಂದು ಬೆಟ್ಟವಿತ್ತು. ಕಟ್ಟಿಸಿದವನು ಅವಧ್‌ನ ಕೊನೆಯ ನವಾಬ ವಾಜಿದ್ ಅಲಿ ಶಾ. 1856ರಲ್ಲಿ ಇಂಗ್ಲಿಷರು ರಾಜ್ಯ ಕಿತ್ತುಕೊಂಡ ಮೇಲೆ ಲಖನೌ ಬಿಟ್ಟು ಬಂದವನು ಕಲ್ಕತ್ತೆಯ ಹೂಗ್ಲಿ ದಂಡೆಯಲ್ಲಿ, ಇದೇ ಗಾರ್ಡನ್ ರೀಚ್‌ನ ಮಟಿಯಾಬುರ್ಜ್‌ನಲ್ಲಿ ಇನ್ನೊಂದು ಲಖನೌ ಕಟ್ಟಿಕೊಂಡ. ಅರಮನೆಗಳ ಜತೆಗೆ ಪ್ರಾಣಿಸಂಗ್ರಹಾಲಯವನ್ನೂ ಮಾಡಿಸಿದ. ಅದರಲ್ಲಿ ನುಣುಪು ಗೋಡೆಯ ಆಳವಾದ ಕೊಳ, ಕೊಳದ ನಡುವೆ ಕೃತಕ ಬೆಟ್ಟ, ಬೆಟ್ಟದೊಳಗಿಂದ ನೀರು ಹಾಯಿಸುವ ಕೊಳವೆಗಳು, ಮೈಮೇಲೆಲ್ಲ ಸಾವಿರಾರು ಹಾವುಗಳು. ಬಾಲ್ಯವನ್ನು ಇಲ್ಲೇ ಕಳೆದ ಉರ್ದು ಲೇಖಕ ಅಬ್ದುಲ್ ಹಲೀಮ್ ಶರರ್ ಇದನ್ನೆಲ್ಲ ವಿವರವಾಗಿ ಬರೆದಿಟ್ಟಿದ್ದಾನೆ. 1887ರಲ್ಲಿ ನವಾಬ ತೀರಿಕೊಂಡ. ಸಂಗ್ರಹಾಲಯ ಹರಾಜಿಗೆ ಹೋಯಿತು, ಬೆಟ್ಟವೂ ಕರಗಿತು.

ಈಗ ಇಲ್ಲಿ ಹತ್ತುವುದಕ್ಕೆ ಸಿಗುವುದು ಮನೆಯ ಮೆಟ್ಟಿಲು ಮತ್ತು ರೈಲ್ವೆಯ ಮೇಲ್ಸೇತುವೆ, ಅಷ್ಟೇ. ಯುದ್ಧನೌಕೆ ಕಟ್ಟುವ ಗಾರ್ಡನ್ ರೀಚ್ ಶಿಪ್‌ಬಿಲ್ಡರ್ಸ್, ಮಟಿಯಾಬುರ್ಜ್‌ನ ದರ್ಜಿಗಳ ಓಣಿಗಳು, ಖಿದಿರ್‌ಪುರದ ಹಡಗುಕಟ್ಟೆ ಎಲ್ಲವೂ ನದಿ ತಂದು ಹಾಸಿದ ಮೆಕ್ಕಲು ಮಣ್ಣಿನ ಮೇಲೆ, ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದಲ್ಲಿ ನಿಂತಿವೆ. ನೌಕರಿಗೆಂದು ಬಂದ ಕನ್ನಡಿಗನಿಗೆ ಇದು ಕೊಂಚ ದಿನ ವಿಚಿತ್ರ ಅನ್ನಿಸುತ್ತದೆ. ತುಮಕೂರಿನವನಾದರೆ ಯಾವ ದಿಕ್ಕಿಗೆ ತಿರುಗಿದರೂ ದೇವರಾಯನದುರ್ಗವೋ ಶಿವಗಂಗೆಯೋ ಕಾಣಬೇಕು. ಇಲ್ಲಿ ಎಷ್ಟು ದೂರ ದಿಟ್ಟಿಸಿದರೂ ಕಣ್ಣಿಗೆ ಅಡ್ಡ ಬರುವುದು ಕ್ರೇನುಗಳೇ.

ಆದರೂ ಬೆಟ್ಟದ ದಾರಿ ಗಾರ್ಡನ್ ರೀಚ್‌ನಲ್ಲೇ ಇದೆ, ಕಾಗದದ ಮೇಲೆ. ಆಗ್ನೇಯ ರೈಲ್ವೆಯ ಪ್ರಧಾನ ಕಚೇರಿ ಇರುವುದು ಇದೇ ಬಡಾವಣೆಯಲ್ಲಿ. ಅದಕ್ಕೂ ಮೊದಲು ಬಂಗಾಳ–ನಾಗಪುರ ರೈಲ್ವೆ ಇಲ್ಲಿಂದಲೇ ನಡೆಯುತ್ತಿತ್ತು. ಆಗ್ನೇಯ ರೈಲ್ವೆಯ ನಾಲ್ಕು ವಿಭಾಗಗಳಲ್ಲಿ ಆದ್ರಾ ಒಂದು. ಹೌರಾ, ಖರಗ್‌ಪುರ, ಮೇದಿನೀಪುರ, ಬಿಷ್ಣುಪುರ, ಬಾಂಕುಡಾ, ಆದ್ರಾ ಎಂದು ಸಾಗುವ ಹಳಿಯ ಜತೆ ಹೋದರೆ ಮೆಕ್ಕಲು ಮಣ್ಣು ಮುಗಿದು ಕೆಂಪು ಮುರ್ರಂ ಶುರುವಾಗುತ್ತದೆ. ಭತ್ತದ ಗದ್ದೆಗಳ ನಡುವೆ ಬಂಡೆಗಳು ತಲೆ ಹಾಕುತ್ತವೆ. ಅದು ಛೋಟಾನಾಗಪುರ ಪ್ರಸ್ಥಭೂಮಿಯ ಅಂಚು. ಬಾಂಕುಡಾದಲ್ಲಿ ಸುಸುನಿಯಾ ಮತ್ತು ಬಿಹಾರಿನಾಥ, ಪುರುಲಿಯಾದಲ್ಲಿ ಜಯಚಂಡಿ ಮತ್ತು ಅಯೋಧ್ಯಾ. ಹಿಮಾಲಯಕ್ಕೆ ವಾರದ ರಜೆ ಹಾಕಲಾಗದ ಕೋಲ್ಕತ್ತದವರು ಬೆಟ್ಟ ಅಂದರೆ ಮೊದಲು ಹೇಳುವುದು ಇವುಗಳ ಹೆಸರನ್ನೇ.

ಇವುಗಳಲ್ಲಿ ಮೊದಲ ಸಲಕ್ಕೆ ಹೇಳಿ ಮಾಡಿಸಿದ್ದು ಸುಸುನಿಯಾ. ಅಯೋಧ್ಯಾ ದೊಡ್ಡದು ನಿಜ, ಆದರೆ ಮೇಲಿನವರೆಗೂ ಟಾರು ರಸ್ತೆ ಹೋಗಿ ಹತ್ತುವ ಮಜಾ ಅರ್ಧ ಕಳೆದಿದೆ. ಜಯಚಂಡಿಗೆ ಮೆಟ್ಟಿಲುಗಳಿವೆ, ಬೇಗ ಮುಗಿದುಹೋಗುತ್ತದೆ. ಸುಸುನಿಯಾ ಪೂರ್ವ–ಪಶ್ಚಿಮವಾಗಿ ಮೂರು ಕಿಲೋಮೀಟರಿನಷ್ಟು ಉದ್ದಕ್ಕೆ ಮಲಗಿರುವ ಒಂಟಿ ಬೆಟ್ಟ. ಕೆಳಗೆ ಸಾಲ್ ಮರಗಳ ಕಾಡು, ಮೇಲೆ ಹೋದಂತೆ ಬಂಡೆ. ಎತ್ತರ ಸಮುದ್ರಮಟ್ಟದಿಂದ ಸುಮಾರು 440 ಮೀಟರ್. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣವೇ ಇದರ ಎರಡು ಪಟ್ಟು ಎತ್ತರದಲ್ಲಿದೆ! ನಗುವವರು ನಗಲಿ. ಬೆಟ್ಟ ಹತ್ತುವವನ ಮಂಡಿಗೆ ಸಮುದ್ರಮಟ್ಟದ ಲೆಕ್ಕ ಬೇಕಿಲ್ಲ, ಬುಡದಿಂದ ಎಷ್ಟು ಅನ್ನುವುದಷ್ಟೇ ಮುಖ್ಯ. ಅದು ಹೆಚ್ಚುಕಡಿಮೆ 300 ಮೀಟರ್. ಹಗ್ಗ ಬೇಡ, ಒಂದೆರಡು ಕಡೆ ಕೈಯೂರಿ ಏರಬೇಕು. ಇಂಥದ್ದನ್ನೇ ಚಾರಣಿಗರು ‘ಮಧ್ಯಮ’ ಅನ್ನುವುದು.

ಯೋಜನೆ ಹಾಕುವವರು ಸಾಮಾನ್ಯವಾಗಿ ಬೆಳಿಗ್ಗೆಯಿಂದ ಲೆಕ್ಕ ಶುರು ಮಾಡುತ್ತಾರೆ: ಎಷ್ಟು ಹೊತ್ತಿಗೆ ಏಳುವುದು, ಎಲ್ಲಿ ತಿಂಡಿ, ಯಾವ ರೈಲು. ಸುಸುನಿಯಾದ ವಿಷಯದಲ್ಲಿ ಸಂಜೆಯಿಂದ ಹಿಂದಕ್ಕೆ ಎಣಿಸುವುದು ಜಾಣತನ. ಕಾರಣ, ಇಲ್ಲಿನ ಸೂರ್ಯ. ದೇಶಕ್ಕೆಲ್ಲ ಒಂದೇ ಗಡಿಯಾರ, ಆದರೆ ಬಂಗಾಳ ಇರುವುದು ಪೂರ್ವದಲ್ಲಿ. ಡಿಸೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ಹೊತ್ತು ಮುಳುಗುವುದು ಆರಕ್ಕೆ ಸ್ವಲ್ಪ ಮುಂಚೆ. ಬಾಂಕುಡಾದಲ್ಲಿ ಐದಕ್ಕೇ ಮುಗಿಯಿತು. ಸಾವನದುರ್ಗದ ಅಭ್ಯಾಸದಲ್ಲಿ ‘ನಾಲ್ಕಕ್ಕೆ ಇಳಿಯಲು ಶುರು ಮಾಡಿದರಾಯಿತು’ ಅಂದುಕೊಂಡವರು ಸಾಲ್ ಕಾಡಿನ ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ಹೆಜ್ಜೆ ಹುಡುಕಬೇಕಾಗುತ್ತದೆ.

ಹಾಗಾಗಿ ಲೆಕ್ಕ ಹೀಗೆ: ಸಂಜೆ ಬಾಂಕುಡಾದಿಂದ ವಾಪಸು ರೈಲು. ಬೆಟ್ಟದಿಂದ ಬಾಂಕುಡಾಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಬಸ್ಸು ಕಾಯುವ ಹೊತ್ತೂ ಸೇರಿ ಎರಡು ಗಂಟೆ ಬಿಡಬೇಕು. ಅಂದರೆ ಮಧ್ಯಾಹ್ನ ಎರಡರೊಳಗೆ ಬುಡದಲ್ಲಿರಬೇಕು, ಹನ್ನೆರಡಕ್ಕೆ ತುದಿ ಬಿಡಬೇಕು. ಆ ಹನ್ನೆರಡನ್ನು ಗುಂಪಿನವರೆಲ್ಲ ಹೊರಡುವ ಮೊದಲೇ ಒಪ್ಪಿಕೊಂಡಿರುವುದು ಒಳ್ಳೆಯದು. ತುದಿ ಇನ್ನೇನು ನೂರು ಹೆಜ್ಜೆ ಇದೆ ಎನ್ನುವಾಗ ‘ಇಲ್ಲಿಂದಲೇ ಇಳಿಯೋಣ’ ಅನ್ನುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ. ಮುಂಚೆ ಮಾತಾಗಿದ್ದರೆ ಅದು ಯಾರೊಬ್ಬರ ತೀರ್ಮಾನವೂ ಆಗಿರುವುದಿಲ್ಲ.

ಏರಲು ಎಷ್ಟು ಹೊತ್ತು? ಇದಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತದೆ. ಮೂರು ಮೈಲಿ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ನಮ್ಮ ಅಳತೆಯಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ, 300 ಮೀಟರ್ ಏರಿಗೆ ಅರ್ಧ ಗಂಟೆ. ಸುಸುನಿಯಾದ ಹಾದಿಯನ್ನು ಎರಡು ಕಿಲೋಮೀಟರ್ ಎಂದಿಟ್ಟುಕೊಂಡರೂ ಲೆಕ್ಕ ಒಂದು ಗಂಟೆಯನ್ನು ದಾಟುವುದಿಲ್ಲ. ಆದರೆ ನೈಸ್ಮಿತ್ ಗಟ್ಟಿ ಕಾಲಿನ ಆಸಾಮಿ, ಅವನ ಸೂತ್ರದಲ್ಲಿ ಫೋಟೊ ತೆಗೆಯುವುದಕ್ಕೆ, ಕಿತ್ತಳೆ ಸುಲಿಯುವುದಕ್ಕೆ ಜಾಗವಿಲ್ಲ. ಗಾರ್ಡನ್ ರೀಚ್‌ನ ಗುಂಪು ಅದನ್ನು ಎರಡರಿಂದ ಗುಣಿಸಿಕೊಳ್ಳಬೇಕು. ಇಳಿಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಇಟ್ಟುಕೊಂಡರೆ ಅವಸರವಿರುವುದಿಲ್ಲ.

ಇನ್ನು ರೈಲು. ಹೌರಾದಿಂದ ಬಾಂಕುಡಾಕ್ಕೆ ಸುಮಾರು 230 ಕಿಲೋಮೀಟರ್. ಬೆಳಗಿನ ರೈಲು ಹಿಡಿದರೆ ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ. ಒಂದೇ ದಿನದಲ್ಲಿ ಮುಗಿಸಬೇಕೆಂದರೆ ರಾತ್ರಿ ರೈಲೇ ಗತಿ. ಮಧ್ಯರಾತ್ರಿಯ ಹೊತ್ತಿಗೆ ಹೌರಾ ಬಿಡುವ ಗಾಡಿ ಬೆಳಕು ಹರಿಯುವ ಮೊದಲೇ ಬಾಂಕುಡಾದಲ್ಲಿ ಇಳಿಸುತ್ತದೆ. ಇಲ್ಲಿ ಎರಡು ಕಡೆ ಎಡವುವವರಿದ್ದಾರೆ. ರಾತ್ರಿ 12 ದಾಟಿ ಹೊರಡುವ ರೈಲಿನ ಟಿಕೆಟ್ ಮೇಲೆ ಮರುದಿನದ ತಾರೀಕು ಇರುತ್ತದೆ. ಶನಿವಾರ ರಾತ್ರಿ ಊಟ ಮುಗಿಸಿ ಹೊರಡುವವರು ಭಾನುವಾರದ ತಾರೀಕಿಗೆ ಟಿಕೆಟ್ ಮಾಡಿಸಬೇಕು, ಇಲ್ಲದಿದ್ದರೆ ಅವರ ಬರ್ತು ಹಿಂದಿನ ರಾತ್ರಿಯೇ ಹೋಗಿರುತ್ತದೆ. ಎರಡನೆಯದು, ಈ ಕಡೆಯ ಎಲ್ಲ ಗಾಡಿಗಳೂ ಹೌರಾದಿಂದಲೇ ಹೊರಡುವುದಿಲ್ಲ. ಸಾಂತ್ರಾಗಾಛಿ, ಶಾಲಿಮಾರ್ ನಿಲ್ದಾಣಗಳೂ ಇವೆ. ಗಾರ್ಡನ್ ರೀಚ್‌ನವರಿಗೆ ಇದು ಅನುಕೂಲವೇ. ವಿದ್ಯಾಸಾಗರ ಸೇತುವೆ ದಾಟಿದರೆ ಹೌರಾ ಸೇತುವೆಯ ಗದ್ದಲಕ್ಕೆ ಸಿಗದೆ ಸಾಂತ್ರಾಗಾಛಿ ತಲುಪಬಹುದು. ಟಿಕೆಟ್ಟಿನಲ್ಲಿ ಯಾವ ನಿಲ್ದಾಣ ಅಂತ ನೋಡಿಕೊಂಡಿರಬೇಕು, ಅಷ್ಟೇ.

ಬೆಟ್ಟಕ್ಕೆ ಹತ್ತಿರದ ನಿಲ್ದಾಣ ಬಾಂಕುಡಾದ ಆಚೆಯ ಛಾತ್ನಾ, ಅಲ್ಲಿಂದ ಹತ್ತೇ ಕಿಲೋಮೀಟರ್. ಆದರೆ ಅಲ್ಲಿ ಎಲ್ಲ ಗಾಡಿಯೂ ನಿಲ್ಲುವುದಿಲ್ಲ. ಬಾಂಕುಡಾದಲ್ಲೇ ಇಳಿದು, ಪ್ಲಾಟ್‌ಫಾರಮ್ಮಿನ ಮೇಲೆ ಎರಡು ಚಹಾ ಕುಡಿದು, ಬೆಳಕಾದ ಮೇಲೆ ಬಸ್ಸು ಹಿಡಿಯುವುದು ವಾಸಿ.

ಹೊರಡುವುದಕ್ಕೆ ಮೂರ್ನಾಲ್ಕು ವಾರ ಮೊದಲೇ ಮಾಡಬೇಕಾದ್ದು ಕಾಲಿನ ತಯಾರಿ. ಸಪಾಟು ಊರಿನವರ ಕಾಲು ಎಷ್ಟೇ ನಡೆದರೂ ಬೆಟ್ಟದ ಕಾಲಾಗುವುದಿಲ್ಲ. ಸಂಜೆ ನದಿ ದಂಡೆಯಲ್ಲಿ ಐದು ಕಿಲೋಮೀಟರ್ ನಡೆಯುವವರೂ ಇಳಿಜಾರಿನಲ್ಲಿ ಮಂಡಿ ಹಿಡಿದುಕೊಂಡು ಕೂರುತ್ತಾರೆ. ಮದ್ದು ಮನೆಯಲ್ಲೇ ಇದೆ. ಐದು ಮಹಡಿಯ ಮೆಟ್ಟಿಲು ಹತ್ತಿದರೆ 15 ಮೀಟರ್ ಏರಿದಂತೆ. ಇಪ್ಪತ್ತು ಸಲ ಹತ್ತಿದರೆ ಒಂದು ಸುಸುನಿಯಾ. ಒಂದೇ ದಿನ ಇಪ್ಪತ್ತು ಬೇಡ. ನಾಲ್ಕರಿಂದ ಶುರು ಮಾಡಿ ವಾರ ವಾರ ಏರಿಸಿಕೊಂಡು ಹೋದರಾಯಿತು. ಒಂದು ಎಚ್ಚರ: ಇಳಿಯುವಾಗ ಲಿಫ್ಟ್ ಹತ್ತಬಾರದು. ಏರುವಾಗ ದಣಿಯುವುದು ಉಸಿರು, ಇಳಿಯುವಾಗ ನೋಯುವುದು ತೊಡೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಎರಡು ದಿನ ಬಿಟ್ಟು ಕಾಡುವ ನೋವು ಹುಟ್ಟುವುದು ಅಲ್ಲಿಂದಲೇ. ಮೆಟ್ಟಿಲಿಳಿದು ರೂಢಿಯಾದ ಕಾಲಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ.

ತಿಂಗಳು ಆರಿಸುವುದರಲ್ಲಿ ಚೌಕಾಸಿ ಇಲ್ಲ. ನವೆಂಬರ್ ಮಧ್ಯದಿಂದ ಫೆಬ್ರುವರಿ ಕೊನೆಯವರೆಗೆ, ಅಷ್ಟೇ. ಮಾರ್ಚಿನಲ್ಲಿ ಬಾಂಕುಡಾ–ಪುರುಲಿಯಾದ ಮುತ್ತುಗದ ಮರಗಳು ಕೆಂಪಗೆ ಹೂಬಿಟ್ಟು ಕರೆಯುವುದೇನೋ ನಿಜ. ಅದೇ ಹೊತ್ತಿಗೆ ಉದುರಿದ ಸಾಲ್ ಎಲೆಗಳು ಒಣಗಿ ಗರಿಗರಿಯಾಗಿರುತ್ತವೆ, ಬೀಡಿಯ ಒಂದು ಕಿಡಿ ಸಾಕು. ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನದ ಮೇಲೆ ಕಾಲಬೈಶಾಖಿ ಗಾಳಿ–ಸಿಡಿಲು ಎದ್ದರೆ ಬೋಳು ಬಂಡೆಯ ತುದಿಯಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಮಳೆಗಾಲದಲ್ಲಿ ಬಂಡೆಗೆ ಪಾಚಿ. ಹಾಗೆಂದು ಡಿಸೆಂಬರ್ 25ರಿಂದ ಜನವರಿ 1ರ ನಡುವೆಯೂ ಹೋಗಬಾರದು. ಅರ್ಧ ಬಂಗಾಳ ಪಿಕ್‌ನಿಕ್ಕಿಗೆಂದು ಬುಡದಲ್ಲಿ ಒಲೆ ಹೂಡಿರುತ್ತದೆ, ಧ್ವನಿವರ್ಧಕದ ಸದ್ದು ತುದಿಯವರೆಗೂ ಬೆನ್ನಟ್ಟುತ್ತದೆ.

ಚೀಲದಲ್ಲಿ ಹೆಚ್ಚು ಜಾಗ ನೀರಿಗೆ. ತಲಾ ಎರಡು ಲೀಟರಿಗೆ ಕಡಿಮೆ ಬೇಡ. ಬುಡದಲ್ಲೇ ವರ್ಷವಿಡೀ ಹರಿಯುವ ಬುಗ್ಗೆಯಿದೆ, ಊರವರು ಬಿಂದಿಗೆ ತಂದು ತುಂಬಿಕೊಳ್ಳುತ್ತಾರೆ. ಆದರೆ ಮೇಲೆ ಒಂದು ಹನಿಯೂ ಸಿಗದು. ಒಂದೆರಡು ಓಆರ್‌ಎಸ್ ಪೊಟ್ಟಣ ಇಟ್ಟುಕೊಂಡಿರಬೇಕು. ಮೆಡಿಕಲ್ ಶಾಪಿನಲ್ಲಿ ಕೆಲವೇ ರೂಪಾಯಿಗೆ ಸಿಗುವ ಈ ಪೊಟ್ಟಣಕ್ಕೂ ಕೋಲ್ಕತ್ತಕ್ಕೂ ಹಳೆಯ ನಂಟು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಹರಿದು ಬಂದಾಗ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಾಲನಬೀಸ್ ಮತ್ತು ಅವರ ತಂಡ ಉಪ್ಪು, ಸಕ್ಕರೆಯಂಶದ ಗ್ಲೂಕೋಸು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು, ಸಾವು ಇಳಿಯಿತು. 2022ರಲ್ಲಿ ಅವರು ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಒಂದೇ ಲೀಟರಿಗೆ ಪೂರ್ತಿ ಸುರಿಯಬೇಕು. ಅರ್ಧ ಬಾಟಲಿಗೆ ಇಡೀ ಪೊಟ್ಟಣ ಹಾಕಿ ‘ಸ್ಟ್ರಾಂಗ್’ ಮಾಡಿದರೆ ಉಪ್ಪು ಹೆಚ್ಚಾಗಿ ಬಾಯಾರಿಕೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಬುತ್ತಿಗೆ ಬಾಂಕುಡಾದಲ್ಲಿ ತಲೆಕೆಡಿಸಿಕೊಳ್ಳಬೇಕಾದ್ದೇ ಇಲ್ಲ. ಇದು ಮುಡಿಯ ಸೀಮೆ. ಮುಡಿ ಅಂದರೆ ನಮ್ಮ ಮಂಡಕ್ಕಿ. ದಾವಣಗೆರೆಯವರಿಗೆ ಮಂಡಕ್ಕಿ ಮೇಲೆ ಎಷ್ಟು ಅಭಿಮಾನವೋ ಇಲ್ಲಿಯವರಿಗೂ ಅಷ್ಟೇ. ಬೆಳಿಗ್ಗೆ ಬಟ್ಟಲು ತುಂಬ ಮುಡಿಗೆ ಬಟಾಣಿಯ ಘುಗ್ನಿ ಸುರಿದು, ಆಲೂಚಾಪ್ ಪುಡಿ ಮಾಡಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ತಿಂದು ಹೊಲಕ್ಕೆ ಹೋಗುತ್ತಾರೆ. ಚಾರಣಕ್ಕೆ ಒಣ ಮುಡಿ, ಹುರಿಗಡಲೆ, ಚಳಿಗಾಲದಲ್ಲಿ ಸಿಗುವ ಈಚಲ ಬೆಲ್ಲದ ಒಂದು ತುಂಡು ಸಾಕು. ಹಗುರ, ಹಳಸುವುದಿಲ್ಲ, ಪ್ಲಾಸ್ಟಿಕ್ ಕವರಿನ ಕಸವೂ ಇಲ್ಲ. ಹೊಟ್ಟೆ ಬಿರಿಯ ಲೂಚಿ–ಆಲೂದಮ್ ತಿನ್ನುವ ಆಸೆಯಿದ್ದರೆ ಇಳಿದ ಮೇಲೆ.

ಬುಗ್ಗೆಯ ನೀರು ಬರುವ ಕಲ್ಲಿನ ಬಾಯಿಯ ಬಳಿ ಹಳೆಯ ನರಸಿಂಹ ಶಿಲೆಯಿದೆ. ಹತ್ತಿರದಲ್ಲೇ ಕಲ್ಲು ಕೆತ್ತುವವರ ಅಂಗಡಿಗಳು, ಅಂಗೈಯಗಲದ ಗಣೇಶನಿಂದ ಹಿಡಿದು ದುರ್ಗೆಯವರೆಗೆ. ಉಳಿಯ ಟಕಟಕ ಸದ್ದು ದಾಟಿದರೆ ಹಾದಿ ಸಾಲ್ ಮರಗಳ ಒಳಹೊಕ್ಕು ಏರತೊಡಗುತ್ತದೆ. ಮೊದಲ ಕಾಲು ಗಂಟೆ ಬೇರುಗಳೇ ಮೆಟ್ಟಿಲು. ಆಮೇಲೆ ಮರ ತೆಳುವಾಗಿ ಬಂಡೆ ಎದುರಾಗುತ್ತದೆ. ಇಲ್ಲಿ ಜಾರಿಸುವುದು ಬಂಡೆಯಲ್ಲ, ಬಂಡೆಯ ಮೇಲೆ ಬಿದ್ದ ಎಲೆ. ಚಳಿಗಾಲದ ಬೆಳಗಿನ ಇಬ್ಬನಿಗೆ ನೆನೆದ ಸಾಲ್ ಎಲೆ ಅಂಗಾಲಿನಡಿ ಸಾಬೂನಿನ ಬಿಲ್ಲೆಯೇ. ಕಾಲಿಡುವ ಮೊದಲು ಬೂಟಿನ ತುದಿಯಿಂದ ಎಲೆ ಸರಿಸಿ ಕಲ್ಲು ಕಂಡ ಮೇಲೆ ಭಾರ ಬಿಡಬೇಕು. ಇದಕ್ಕೆ ದುಬಾರಿ ಬೂಟು ಬೇಕಾಗಿಲ್ಲ. ಅಡಿ ಸವೆಯದ, ಕಚ್ಚು ಉಳಿದಿರುವ ಕ್ಯಾನ್ವಾಸ್ ಬೂಟೇ ಸಾಕು. ಮದುವೆಗೆ ತಂದ ಹೊಳೆಯುವ ಶೂ ಬೇಡ. ಹೊಸ ಬೂಟನ್ನು ಬೆಟ್ಟದಲ್ಲಿ ಉದ್ಘಾಟಿಸುವುದೂ ಬೇಡ, ಮೆಟ್ಟಿಲಿನ ಮೇಲೇ ಪಳಗಿರಲಿ. ಬಂಡೆಯ ಸಂದಿಯಲ್ಲಿ ಕೈಯೂರುವ ಮುನ್ನ ಕಣ್ಣಿಂದ ನೋಡಬೇಕು. ಹೆಜ್ಜೇನಿನ ಗೂಡು ಕಂಡರೆ ಕೂಗಾಟ, ಸೆಂಟು, ಹೊಗೆ ಮೂರೂ ನಿಷಿದ್ಧ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಡಬೇಕು. ಅವರ ವೇಗವೇ ಗುಂಪಿನ ವೇಗ. ಏನಾದರೂ ಹೆಚ್ಚುಕಮ್ಮಿಯಾದರೆ 112. ದೊಡ್ಡ ಸರ್ಕಾರಿ ಆಸ್ಪತ್ರೆ ಬಾಂಕುಡಾದ ಸಮ್ಮಿಲನಿ ಮೆಡಿಕಲ್ ಕಾಲೇಜು.

ಮೇಲಿನಿಂದ ಕಾಣುವುದು ಬಂಗಾಳದ ಇನ್ನೊಂದು ಮುಖ: ಕೆಂಪು ನೆಲ, ಚೌಕ ಚೌಕ ಕೆರೆಗಳು, ಗದ್ದೆ, ದಿನ ತಿಳಿಯಾಗಿದ್ದರೆ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರ್ ಆಚೆ ಬಿಹಾರಿನಾಥ. ಈ ಸೀಮೆಯಲ್ಲಿ ಆದಿಮಾನವನ ಕಲ್ಲಿನ ಆಯುಧಗಳು ಸಿಕ್ಕಿವೆ. ಸಿಂಹ, ಕತ್ತೆಕಿರುಬ, ಜಿರಾಫೆ ಜಾತಿಯ ಪ್ರಾಣಿಗಳ ಪಳೆಯುಳಿಕೆಗಳೂ ಸಿಕ್ಕಿವೆ.

ಹೊತ್ತು ಮಿಕ್ಕಿದ್ದರೆ ಬೆಟ್ಟದ ಉತ್ತರದ ಮಗ್ಗುಲಿಗೆ ಹೋಗಿ ನೋಡಬೇಕಾದ್ದು ಶಾಸನ. ಕ್ರಿ.ಶ. ನಾಲ್ಕನೆಯ ಶತಮಾನದ್ದು, ಪಶ್ಚಿಮ ಬಂಗಾಳದ ಅತಿ ಹಳೆಯ ಶಿಲಾಶಾಸನ. ಪುಷ್ಕರಣದ ಅರಸ ಸಿಂಹವರ್ಮನ ಮಗ ಚಂದ್ರವರ್ಮನದು. ಬ್ರಾಹ್ಮಿ ಲಿಪಿ, ಸಂಸ್ಕೃತ ಭಾಷೆ, ಜತೆಗೊಂದು ದೊಡ್ಡ ಚಕ್ರದ ಕೆತ್ತನೆ. ಸಮುದ್ರಗುಪ್ತ ಬೇರುಸಹಿತ ಕಿತ್ತೊಗೆದ ಅರಸರ ಪಟ್ಟಿ ಅಲಹಾಬಾದಿನ ಕಂಬದ ಮೇಲಿದೆಯಲ್ಲ, ಅದರಲ್ಲಿ ಬರುವ ಚಂದ್ರವರ್ಮ ಇವನೇ ಎನ್ನುವುದು ಹಲವು ವಿದ್ವಾಂಸರ ಮಾತು. ಕನ್ನಡದ ಚಾರಣಿಗನಿಗೆ ಇಲ್ಲಿ ಚಿತ್ರದುರ್ಗದ ಚಂದ್ರವಳ್ಳಿ ನೆನಪಾಗದೆ ಇರದು. ಅದೇ ಶತಮಾನ, ಅಲ್ಲೂ ಬಂಡೆಗಲ್ಲಿನ ಬೆಟ್ಟ, ಅಲ್ಲೂ ನೀರಿನ ಪಕ್ಕ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಪ್ರಾಕೃತದಲ್ಲಿ ಕೊರೆಸಿದ್ದಾನೆ. ನಂಟು ಅಲ್ಲಿಗೇ ಮುಗಿಯುವುದಿಲ್ಲ. ಚಂದ್ರವರ್ಮನಾಗಿ ಏಳು ಶತಮಾನದ ಬಳಿಕ ಇದೇ ರಾಢ ಸೀಮೆಯಲ್ಲಿ ತಲೆಯೆತ್ತಿ ಬಂಗಾಳ ಆಳಿದ ಸೇನರು ತಮ್ಮನ್ನು ಕರ್ಣಾಟ ಕ್ಷತ್ರಿಯರೆಂದೇ ಕರೆದುಕೊಂಡವರು. ಬೆಂಗಳೂರಿನಿಂದ ವರ್ಗವಾಗಿ ಬಂದವರು ತಾವೇ ಮೊದಲಿಗರೆಂದು ಬೀಗುವಂತಿಲ್ಲ.

ಚಳಿಗಾಲದ ವಾರಾಂತ್ಯಗಳಲ್ಲಿ ಸುಸುನಿಯಾದ ಬಂಡೆಗಳ ಮೇಲೆ ಹಗ್ಗಗಳೂ ಹೆಲ್ಮೆಟ್ಟುಗಳೂ ಕಾಣುತ್ತವೆ. ಕೋಲ್ಕತ್ತದ ಪರ್ವತಾರೋಹಣ ಸಂಘಗಳು ಹೊಸಬರಿಗೆ ಶಿಲಾರೋಹಣ ಕಲಿಸುವುದು ಇಲ್ಲಿ, ಜಯಚಂಡಿಯಲ್ಲಿ ಮತ್ತು ಪುರುಲಿಯಾದ ಮಾಠಾಬುರುವಿನಲ್ಲಿ. ಸಮತಟ್ಟು ನೆಲದ ಈ ಜನಕ್ಕೆ ಶಿಖರದ ಹುಚ್ಚು ಹೊಸದಲ್ಲ. 1960ರಲ್ಲಿ ಸುಕುಮಾರ್ ರಾಯ್ ನೇತೃತ್ವದ ಬಂಗಾಳದ ತಂಡ ಗಢವಾಲದ 6309 ಮೀಟರ್ ಎತ್ತರದ ನಂದಾ ಘುಂಟಿ ಏರಿತು. ಜತೆಗೆ ಹೋಗಿದ್ದ ಪತ್ರಕರ್ತ ಗೌರಕಿಶೋರ್ ಘೋಷ್ ಬರೆದದ್ದನ್ನು ಓದಿ ಬೆಟ್ಟ ಹಿಡಿದವರು ಎಷ್ಟೋ ಮಂದಿ. 2010ರಲ್ಲಿ ಬಸಂತ ಸಿಂಘ ರಾಯ್ ಮತ್ತು ದೇವಾಶಿಸ್ ವಿಶ್ವಾಸ್ ಎವರೆಸ್ಟ್ ಮುಟ್ಟಿದರು. 2013ರಲ್ಲಿ ಹೌರಾದ ಛಂದಾ ಗಾಯೇನ್ ಮುಟ್ಟಿದರು. ಮರುವರ್ಷ ಅವರು ಕಾಂಚನಜುಂಗಾದ ಪಶ್ಚಿಮ ಶಿಖರದ ಬಳಿ ಹಿಮಕುಸಿತಕ್ಕೆ ಸಿಕ್ಕಿ ಮರಳಲಿಲ್ಲ.

ಸುಸುನಿಯಾ ಏರಿ ಬಂದು, ಎರಡು ದಿನದ ತೊಡೆನೋವು ಇಳಿದ ಮೇಲೂ ಆಸೆ ಉಳಿದಿದ್ದರೆ ಮುಂದಿನದು ಜಯಚಂಡಿ. ಅದೇ ರಾತ್ರಿ ರೈಲಿನಲ್ಲಿ ಬಾಂಕುಡಾ ದಾಟಿ ಆದ್ರಾದಲ್ಲಿ ಇಳಿಯಬೇಕು. ಅಲ್ಲಿಂದ ಆಸನ್‌ಸೋಲ್ ಕಡೆಯ ಹಳಿಯಲ್ಲಿ ಬೆಟ್ಟದ ಹೆಸರಿನ ನಿಲ್ದಾಣವೇ ಇದೆ. ರಾಮನಗರದ ಬಂಡೆಗಳು ‘ಶೋಲೆ’ಯಿಂದ ಹೆಸರಾದಂತೆ ಈ ಬಂಡೆಗಳು ಹೆಸರಾದದ್ದು 1980ರ ಸತ್ಯಜಿತ್ ರಾಯ್ ಚಿತ್ರ ‘ಹೀರಕ್ ರಾಜಾರ್ ದೇಶೆ’ಯಿಂದ. ದುಷ್ಟ ರಾಜನಿಗೆ ಹೆದರಿ ಶಾಲೆಯ ಮೇಷ್ಟ್ರು ಅಡಗಿಕೊಳ್ಳುವುದು ಇದೇ ಬೆಟ್ಟದಲ್ಲಿ. ತುದಿಯ ಚಂಡಿಯ ಗುಡಿಗೆ ಸುಮಾರು ಐನೂರು ಮೆಟ್ಟಿಲು, ಅಜ್ಜಿಯರೂ ಹತ್ತುತ್ತಾರೆ. ಮೆಟ್ಟಿಲಿಲ್ಲದ ಪಕ್ಕದ ಬಂಡೆಗಳಿಗೆ ಮಾತ್ರ ಹಗ್ಗ ಮತ್ತು ತಿಳಿದವರ ಜತೆ ಬೇಕು. ಡಿಸೆಂಬರ್ ಕೊನೆಗೆ ಅಲ್ಲಿ ಪ್ರವಾಸೋದ್ಯಮ ಉತ್ಸವ ನಡೆಯುವುದರಿಂದ ಆ ವಾರ ರೈಲಿನಲ್ಲಿ ಬರ್ತೂ ಸಿಗುವುದಿಲ್ಲ, ರಘುನಾಥಪುರದಲ್ಲಿ ರೂಮೂ ಸಿಗುವುದಿಲ್ಲ. ಜನವರಿಯ ಎರಡನೆಯ ವಾರದ ನಂತರದ ಯಾವ ಭಾನುವಾರವಾದರೂ ಆದೀತು.